ಬ್ರೈನ್ ಟ್ಯೂಮರ್ ಆದವರಿಗೆ ಯುಡಿಐಡಿ ಕಾರ್ಡ್ ಸಿಗುತ್ತಾ? ಇಲ್ಲಿದೆ ಪೂರ್ತಿ ಮಾಹಿತಿ

ಮೆದುಳಿನ ಕ್ಯಾನ್ಸರ್‌ಗಳಲ್ಲಿ ಗ್ಲಿಯೊಬ್ಲಾಸ್ಟೋಮಾ ತುಂಬಾ ವೇಗವಾಗಿ ಬೆಳೆಯುವಂಥದ್ದು. ಆಪರೇಷನ್, ರೇಡಿಯೇಷನ್, ಕೀಮೋ ಎಲ್ಲಾ ಆದರೂ ಅರ್ಧಕ್ಕಿಂತ ಹೆಚ್ಚು ರೋಗಿಗಳು ಒಂದೂವರೆ ವರ್ಷ ದಾಟುವುದಿಲ್ಲ. ದುಡಿಯುವ ಮನುಷ್ಯನ ಕೈಕಾಲು ಸ್ವಾಧೀನ ತಪ್ಪಿದಾಗ ಮನೆಯವರು ಅಂಗವಿಕಲ ಸರ್ಟಿಫಿಕೇಟ್‌ಗೆ ಓಡಾಡ್ತಾರೆ. ಆಗ ಕೇಳುವ ಮೊದಲ ಮಾತು, ‘ಕ್ಯಾನ್ಸರ್ ಲಿಸ್ಟ್‌ನಲ್ಲೇ ಇಲ್ಲ’. ಮಾತು ನಿಜ, ಆದರೆ ಅರ್ಧ ಮಾತ್ರ.

ಕಾನೂನು ಏನು ಹೇಳುತ್ತೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಕ್ಯಾನ್ಸರ್ ಅದರಲ್ಲಿ ಇಲ್ಲ. ಆದರೆ ನರಮಂಡಲದ ತೊಂದರೆಯಿಂದ ಓಡಾಟ, ಕೈಕೆಲಸ ಆಗದಿದ್ದರೆ ಅದು ಚಲನ ವೈಕಲ್ಯ. ಮೆದುಳಿನ ತೊಂದರೆಯಿಂದ ಮಾತು ಶಾಶ್ವತವಾಗಿ ಹೋದರೆ ವಾಕ್ ಮತ್ತು ಭಾಷಾ ವೈಕಲ್ಯ. ದೃಷ್ಟಿ ಕಡಿಮೆಯಾದರೆ ಅದಕ್ಕೂ ಬೇರೆ ವಿಭಾಗವಿದೆ. ಡಾಕ್ಟರ್‌ಗಳು ನೋಡುವುದು ರೋಗದ ಹೆಸರನ್ನಲ್ಲ, ರೋಗ ಕಿತ್ತುಕೊಂಡಿದ್ದನ್ನು.

ಪರ್ಸೆಂಟೇಜ್ ಲೆಕ್ಕ

ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ 40 ಬೇಕು. ಎರಡು ತೊಂದರೆ ಇದ್ದರೆ ನೇರವಾಗಿ ಕೂಡಿಸಲ್ಲ. 90ರಲ್ಲಿ ದೊಡ್ಡ ಅಂಕಿ ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡ ಅಂಕಿಗೆ ಸೇರಿಸ್ತಾರೆ. ಉದಾಹರಣೆಗೆ ಕೈಕಾಲಿಗೆ ಶೇ 30, ಮಾತಿಗೆ ಶೇ 20 ಕೊಟ್ಟರೆ ಒಟ್ಟು ಶೇ 43. ಒಂದೊಂದೇ ನೋಡಿದರೆ ಎರಡೂ 40 ಮುಟ್ಟಲ್ಲ, ಸೇರಿದರೆ ದಾಟುತ್ತೆ. ಹಾಗಾಗಿ ಅರ್ಜಿಯಲ್ಲಿ ಇರುವ ತೊಂದರೆಗಳನ್ನೆಲ್ಲಾ ಬರೆಸಲೇಬೇಕು.

ಸಮಯವೇ ಇಲ್ಲ

ಮೊದಲು ಸರ್ಟಿಫಿಕೇಟ್ ಕೊಡಲು ಒಂದು ತಿಂಗಳ ಗಡುವಿತ್ತು. 2024ರ ತಿದ್ದುಪಡಿ ಅದನ್ನು ಮೂರು ತಿಂಗಳು ಮಾಡಿತು. ಅಮೆರಿಕದಲ್ಲಿ ಇಂಥ ಕಾಯಿಲೆಗಳ ಅರ್ಜಿ ಬೇಗ ಮುಗಿಸಲೆಂದೇ 2008ರಲ್ಲಿ ಪ್ರತ್ಯೇಕ ಪಟ್ಟಿ ಮಾಡಿದರು, ಗ್ಲಿಯೊಬ್ಲಾಸ್ಟೋಮಾ ಮೊದಲ ಪಟ್ಟಿಯಲ್ಲೇ ಇತ್ತು. ನಮ್ಮ ಕಾಯ್ದೆಯಲ್ಲಿ ರೋಗದ ಹೆಸರು ನೋಡಿ ಬೇಗ ಕೊಡುವ ದಾರಿ ಇಲ್ಲ. ಒಂದೂವರೆ ವರ್ಷ ಕೈಯಲ್ಲಿರುವವರಿಗೆ ಮೂರು ತಿಂಗಳು ಸಣ್ಣದಲ್ಲ.

ಏನು ಮಾಡಬೇಕು?

* ಅರ್ಜಿ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಮಾತ್ರ. ಆಧಾರ್, ಫೋಟೋ ಬೇಕು. ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ ಹತ್ತಿರ ಸಹಾಯ ಕೇಳಬಹುದು.
* ರೋಗಿಗೆ ಅರ್ಜಿ ಹಾಕುವ ಸ್ಥಿತಿ ಇಲ್ಲದಿದ್ದರೆ ಕಾನೂನುಬದ್ಧ ಪೋಷಕರು ಹಾಕಬಹುದು.
* ಬಯಾಪ್ಸಿ, ಎಂಆರ್‌ಐ ರಿಪೋರ್ಟ್ ಅಷ್ಟೇ ಸಾಲದು. ಯಾವ ಕೈಯಲ್ಲಿ ಎಷ್ಟು ಶಕ್ತಿ ಇದೆ, ನಡೆಯಲು ಆಗುತ್ತಾ, ಮಾತು, ಕಣ್ಣು ಹೇಗಿದೆ ಅಂತ ನರರೋಗ ತಜ್ಞರಿಂದ ಬರೆಸಿಕೊಂಡು ಹೋಗಿ.
* ಸ್ಥಿತಿ ಬದಲಾಗಬಹುದು ಅನಿಸಿದರೆ ತಾತ್ಕಾಲಿಕ ಸರ್ಟಿಫಿಕೇಟ್ ಕೊಡ್ತಾರೆ. ಬೇಡ ಅನ್ನಬೇಡಿ. ಅವಧಿ ಮುಗಿಯುವ ದಿನ ಗುರುತು ಹಾಕಿಟ್ಟುಕೊಳ್ಳಿ.
* ಪರ್ಸೆಂಟೇಜ್ ಕಡಿಮೆ ಅನಿಸಿದರೆ ಕಾಯ್ದೆಯ 59ನೇ ಕಲಂ ಪ್ರಕಾರ ಮೇಲ್ಮನವಿ ಹಾಕಬಹುದು.
* ಕಾರ್ಡ್ ಬಂದ ಮೇಲೆ ಪಿಂಚಣಿಗೆ ನಾಡಕಚೇರಿಯಲ್ಲಿ ಬೇರೆ ಅರ್ಜಿ. ಕಾರ್ಡ್ ಬಂತು ಅಂದರೆ ಹಣ ತಾನಾಗೇ ಬರಲ್ಲ.

ರೋಗಿ ವ್ಹೀಲ್‌ಚೇರ್‌ನಲ್ಲಾದರೂ ಕೂತು ಬರುವ ಸ್ಥಿತಿಯಲ್ಲಿ ಇರುವಾಗಲೇ ತಪಾಸಣೆ ಮುಗಿಸಿಕೊಳ್ಳುವುದು ಒಳ್ಳೇದು. ಟ್ರೀಟ್‌ಮೆಂಟ್ ಎಲ್ಲಾ ಮುಗೀಲಿ, ಆಮೇಲೆ ನೋಡೋಣ ಅಂತ ಕೂತರೆ, ಕಾರ್ಡ್ ಬರುವಾಗ ಅದನ್ನು ತಗೊಳ್ಳಬೇಕಾದವರೇ ಇರಲ್ಲ.