ಹಂಚಿನ ಒಳಮೈಯ ಅಕ್ಷರಗಳು

ಅಜ್ಜಿಮನೆಯ ಅಟ್ಟದಲ್ಲಿ ಅಂಗಾತ ಮಲಗಿದರೆ ಮಾಡಿನ ಹಂಚುಗಳ ಒಳಮೈ ಕಾಣುತ್ತಿತ್ತು. ಒಂದೊಂದರ ಮೇಲೂ ಒತ್ತಿದ ಇಂಗ್ಲಿಷ್ ಅಕ್ಷರಗಳು: ಬಾಸೆಲ್ ಮಿಶನ್. ನಾನು ಆ ಅಕ್ಷರಗಳನ್ನು ಕಲಿತದ್ದು ಶಾಲೆಗೆ ಹೋಗುವ ಮೊದಲು, ಆ ಮಾಡಿನಲ್ಲಿಯೇ. ಬಿಸಿಲು ಮಳೆ ತಾಗುವ ಹೊರಮೈಯಲ್ಲಿ ಏನೂ ಬರೆದಿರಲಿಲ್ಲ. ಬೀದಿಯಲ್ಲಿ ಹೋಗುವವರಿಗೆ ಅದು ಬರೀ ಕೆಂಪು ಮಾಡು; ಹಂಚು ಎಲ್ಲಿಂದ ಬಂತೆಂದು ತಿಳಿಯುತ್ತಿದ್ದದ್ದು ಅದರ ಕೆಳಗೆ ಮಲಗಿದವರಿಗೆ ಮಾತ್ರ.

ನಮ್ಮ ಸಭೆಯ ಈ ಸಂಚಿಕೆಗೆ ನಮ್ಮ ಹಿರಿಯರ ಕುರಿತು ಬರೆಯಬೇಕೆಂದು ಸಭಾಪಾಲಕರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಅಟ್ಟ. ದೇವಾಲಯ ಕಟ್ಟಿದ್ದು, ಗಂಟೆ ತರಿಸಿದ್ದು, ಸಭಾಪಾಲಕರ ಸಾಲು, ಇವೆಲ್ಲ ಬೇರೆ ಪುಟಗಳಲ್ಲಿ ಬರುತ್ತವೆ. ಭಾನುವಾರದ ಆರಾಧನೆ ಮುಗಿಸಿ ಮನೆಗೆ ಹೋದ ಆ ಜನ ಸೋಮವಾರದಿಂದ ಶನಿವಾರದವರೆಗೆ ಏನು ಮಾಡಿದರು ಎಂಬುದನ್ನು ನಾನು ಹೇಳಬೇಕು. ಕ್ರೈಸ್ತರ ನಂಬಿಕೆ ಈ ಕರಾವಳಿಯ ಬದುಕನ್ನು ಮುಟ್ಟಿದ್ದು ಆ ಆರು ದಿನಗಳಲ್ಲಿ ಎಂದು ನನಗೆ ದೃಢವಾಗಿದೆ.

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ನಿನ ಮೂವರು, ಸಾಮುವೇಲ್ ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು ಅದೇ ತಿಂಗಳ ಕೊನೆಗೆ ಮಂಗಳೂರು ಸೇರಿದರು. ಅವರ ಹಿಂದೆ ಬಂದವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮನೆಗಳಿಂದ ಬಂದವರು. ಕೈಕೆಸರು ಮಾಡಿಕೊಳ್ಳುವುದು ಪ್ರಾರ್ಥನೆಗೆ ಹೊರತಾದದ್ದು ಎಂದು ಅವರು ಕಲಿತಿರಲಿಲ್ಲ. ನಮ್ಮ ಚರಿತ್ರೆಗೆ ಈ ಸಂಗತಿ ಬಹಳ ಮುಖ್ಯವಾಯಿತು.

ಏಕೆಂದರೆ ದೀಕ್ಷಾಸ್ನಾನವಾದ ಮರುದಿನವೇ ಹೊಟ್ಟೆಯ ಪ್ರಶ್ನೆ ಎದುರಾಗುತ್ತಿತ್ತು. ತುಳುನಾಡಿನಲ್ಲಿ ಸಭೆ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ಅವರ ಕಳ್ಳು ಇಳಿಸುವ ಮೂರ್ತೆ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲ, ಆದ್ದರಿಂದ ತಾಳೆಮರ ಬಿಟ್ಟು ಇಳಿಯಬೇಕು. ಧಣಿಗಳಿಗೆ ಮನಸ್ಸಿಲ್ಲದಿದ್ದರೆ ಗೇಣಿಯ ಗದ್ದೆ ಹೋಯಿತು. ಅಳಿಯಸಂತಾನದ ಕೂಡುಮನೆಯಲ್ಲಿ ಇವರಿಗೆ ಎಲೆ ಹಾಕುವವರಿಲ್ಲ, ಬಾವಿಗೆ ಕೊಡಪಾನ ಇಳಿಸಲು ಬಿಡುವವರಿಲ್ಲ. ನಂಬಿದವನು ಉಣ್ಣುವುದೇನು? ಉಪದೇಶದಿಂದ ಈ ಪ್ರಶ್ನೆ ತೀರುವಂತಿರಲಿಲ್ಲ. ಕೃಷಿ ಮಾಡಿ ನೋಡಿದರು, ಬೇರೆ ಬೇರೆ ಕೈಕೆಲಸ ಹಚ್ಚಿ ನೋಡಿದರು, ಹಲವು ಸಲ ಸೋತರು. ಕಡೆಗೆ ನಿಂತದ್ದು ಮೂರು: ಅಚ್ಚುಕೂಟ, ಮಗ್ಗ, ಹಂಚು. ಮಂಗಳೂರಿನ ಬಲ್ಮಠದ ಮಗ್ಗಗಳನ್ನು ನೋಡಿಕೊಂಡ ಹಾಲರ್ ಎಂಬವರು ಬಣ್ಣ ಹಾಕುವುದರಲ್ಲಿ ನಿಪುಣರು. ಅಲ್ಲಿಯ ಖಾಕಿ ಬಟ್ಟೆ ದೂರದವರೆಗೆ ಹೆಸರು ಮಾಡಿತು.

ಹಂಚಿನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಗೇಯೋರ್ಗ್ ಪ್ಲೆಬ್ಸ್ಟ್ ಊರಿಗೆ ಹೋದಾಗ ಆವೆಮಣ್ಣಿನ ವಿದ್ಯೆ ಕಲಿತು ಬಂದು, 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭಿಸಿದರು. ಮೊದಲ ದಿನಗಳಲ್ಲಿ ಇದ್ದದ್ದು ಒಂದು ಜೋಡಿ ಎತ್ತು, ಬೆರಳೆಣಿಕೆಯ ಆಳುಗಳು. ದಿನಕ್ಕೆ ಐನೂರು ಚಿಲ್ಲರೆ ಹಂಚು. ಹೊಳೆಯಲ್ಲಿ ದೋಣಿಯ ಮೇಲೆ ಮಣ್ಣು ಬರುತ್ತಿತ್ತು, ಸುಟ್ಟ ಹಂಚು ಅದೇ ಹೊಳೆಯಲ್ಲಿ ಬಂದರಿಗೆ ಹೋಗುತ್ತಿತ್ತು. ಮಣ್ಣನ್ನು ಅರೆದು, ಒತ್ತಿ, ನೆರಳಿನ ಅಡ್ಡೆಗಳಲ್ಲಿ ಒಣಗಿಸಿ, ಗೂಡಿನಲ್ಲಿ ಸುಟ್ಟ ಮೇಲೆ ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಠಣ್ ಎಂದರೆ ಒಳ್ಳೆಯದು. ಬೊದ್ದು ಸದ್ದು ಬಂದರೆ ಎಲ್ಲೋ ಕಾಣದ ಬಿರುಕಿದೆ, ಬದಿಗಿಡಬೇಕು. ನಮ್ಮ ಮನೆಯ ಹಿರಿಯರು ಪೇಟೆಯಲ್ಲಿ ಮಡಕೆ ಕೊಳ್ಳುವಾಗಲೂ ಹಾಗೆಯೇ ತಟ್ಟಿ ಕಿವಿಗೊಡುತ್ತಿದ್ದರು. ಬಿರುಕಿನ ಹಂಚನ್ನು ಒಳ್ಳೆಯದರೊಂದಿಗೆ ಸೇರಿಸಿ ಮಾರದಿರುವುದು ಅವರ ಪಾಲಿಗೆ ಭಕ್ತಿಯ ಒಂದು ಭಾಗವೇ ಆಗಿತ್ತು. ಭಾನುವಾರ ಕೇಳಿದ ಪ್ರಸಂಗವನ್ನು ವಾರವಿಡೀ ಆ ಬೆರಳು ಪರೀಕ್ಷೆಗೊಡ್ಡುತ್ತಿತ್ತು.

ಹಂಚು ಬರುವ ಮೊದಲು ಇಲ್ಲಿಯ ಬಡವರ ಮನೆ ಎಂದರೆ ಮುಳಿಹುಲ್ಲಿನದು, ಮಡಲಿನದು. ವರ್ಷ ವರ್ಷ ಮಳೆಗಾಲದ ಮುಂಚಿನ ಪತ್ತನಾಜೆ ಹತ್ತಿರವಾಗುತ್ತಿದ್ದಂತೆ ಮಾಡು ಹೊದೆಸುವ ಆತಂಕ. ಬೇಸಗೆಯಲ್ಲಿ ಒಂದು ಕಿಡಿ ಹಾರಿದರೆ ಸಾಲುಮನೆಗಳೇ ಬೂದಿ. ಹಂಚು ಈ ಎರಡು ಭಯವನ್ನೂ ಕಳೆಯಿತು. ಮುಂದೆ ಕುದ್ರೋಳಿ, ಮಲ್ಪೆಗಳಲ್ಲಿಯೂ ಮಿಶನ್ನಿನ ಕಾರ್ಖಾನೆಗಳು ಬಂದವು, ಊರಿನ ಬೇರೆ ಉದ್ಯಮಿಗಳು ಕೈಹಾಕಿದರು, ‘ಮಂಗಳೂರು ಹಂಚು’ ಎಂಬುದು ಸಮುದ್ರದಾಚೆಗೂ ಹೋದ ಹೆಸರಾಯಿತು. ಸಭೆ ಸೇರಿದವರ ಹೊಟ್ಟೆಗೆಂದು ಹುಟ್ಟಿದ ಕೆಲಸ ದೇವಸ್ಥಾನದ ಮಾಡಿಗೂ ಮಸೀದಿಯ ಮಾಡಿಗೂ ಹಂಚು ಕೊಟ್ಟಿತು. ಗೂಡಿನ ಮುಂದೆ ಬೇರೆ ಬೇರೆ ಜಾತಿಗಳಿಂದ ಬಂದವರು, ಗಂಡಸರು, ಹೆಂಗಸರು, ಒಂದೇ ಗಂಟೆಯ ಸದ್ದಿಗೆ ಸೇರಿ ದುಡಿದರು. ಕ್ರೈಸ್ತರಲ್ಲದವರಿಗೂ ಅಲ್ಲಿ ಕೂಲಿ ಸಿಗುತ್ತಿತ್ತು.

ಇದನ್ನು ಬರೆಯುವಾಗ ಇನ್ನೊಂದು ಬದಿಯನ್ನೂ ಬರೆಯದಿದ್ದರೆ ಹಿರಿಯರಿಗೆ ಅನ್ಯಾಯ ಮಾಡಿದಂತೆ. ಕಾರ್ಖಾನೆಯ ಯಜಮಾನರೂ ಸಭೆಯ ಯಜಮಾನರೂ ಒಂದೇ ಮಿಶನ್ನಿನವರಾದಾಗ, ಸಭೆಯ ಶಿಸ್ತು ಮತ್ತು ಕೂಲಿಯ ಭಯ ಒಂದಕ್ಕೊಂದು ಹೆಣೆದುಕೊಂಡವು. ಅಂಗಳದ ವಿಷಯವೂ, ಮದುವೆಯ ವಿಷಯವೂ, ಸಾಲದ ವಿಷಯವೂ ಮಿಶನ್ನಿನ ದೊರೆಗಳ ಮುಂದೆ ಹೋಗಬೇಕಾಗುತ್ತಿತ್ತು. ನಮ್ಮನ್ನು ಕಾಪಾಡಲೆಂದು ಕಟ್ಟಿದ ಮಿಶನ್ ಕಂಪೌಂಡು ನೆರೆಯವರಿಂದ ನಮ್ಮನ್ನು ಬೇರೆ ಮಾಡಿತು. ನೇಮ, ಕೋಲ, ಯಕ್ಷಗಾನ, ಇವು ಯಾವುವೂ ನಮ್ಮವಲ್ಲ ಎಂದು ಹೇಳಿಕೊಟ್ಟರು. ಹಾಗೆ ಕಳೆದುಕೊಂಡದ್ದರಲ್ಲಿ ಕೆಲವನ್ನು ನಾವು ಇನ್ನೂ ಹುಡುಕುತ್ತಿದ್ದೇವೆ.

ಆದರೆ ಅದೇ ಮಿಶನ್ನಿನೊಳಗೆ ನೆರೆಯವರ ಮಾತಿಗೆ ಕಿವಿಗೊಟ್ಟವರೂ ಇದ್ದರು. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕಲ್ಲಚ್ಚಿನಲ್ಲಿ ಮುದ್ರಿಸಿದ ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ಅದರಲ್ಲಿ ಊರಿನ ವರ್ತಮಾನ, ಸರ್ಕಾರದ ನಿರೂಪಗಳು, ಹೊರದೇಶಗಳ ಸುದ್ದಿ, ಕಥೆಗಳು ಇದ್ದವು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಕನ್ನಡದ ಮೊದಲ ಪತ್ರಿಕೆ ಎಂದು ಇಂದಿಗೂ ನಾಡಿನ ಪತ್ರಕರ್ತರು ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುತ್ತಾರೆ. ಒಬ್ಬ ಪಾದ್ರಿ ತನ್ನ ಅಚ್ಚುಕೂಟದಲ್ಲಿ ಕರಪತ್ರಗಳನ್ನು ಮಾತ್ರ ಅಚ್ಚುಹಾಕಿಸಿ ತೃಪ್ತನಾಗಬಹುದಿತ್ತು. ಊರಿನವನಿಗೆ ಊರಿನ ಸುದ್ದಿ ತಿಳಿಯಬೇಕು ಎಂದು ಮೋಗ್ಲಿಂಗರಿಗೆ ಅನ್ನಿಸಿತಲ್ಲ, ಅಲ್ಲಿ ನನಗೆ ಅವರ ವಿಶ್ವಾಸ ಕಾಣುತ್ತದೆ.

ಅವರು ಅಲ್ಲಿಗೇ ನಿಲ್ಲಲಿಲ್ಲ. ಕಾಸಮೇಜರ್ ಎಂಬ ಅಧಿಕಾರಿಯ ಹಣದ ನೆರವಿನಿಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚಿಗೆ ತಂದರು. ಇವು ಅವರ ಮತದ ಗ್ರಂಥಗಳಲ್ಲ. ಓಲೆಗರಿಯಲ್ಲಿ, ಬಾಯಿಪಾಠದಲ್ಲಿ ಇದ್ದವು. ನೆರೆಯವನ ಮನೆಯ ನಿಧಿಯನ್ನು ಜೋಪಾನ ಮಾಡಿ ಅವನ ಕೈಗೇ ಕೊಟ್ಟರು. ತ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಇದಕ್ಕಾಗಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಫರ್ಡಿನಾಂಡ್ ಕಿಟೆಲ್ಲರ ವಿಷಯ ಎಲ್ಲರಿಗೂ ಗೊತ್ತು. 1853ರಲ್ಲಿ ಬಂದವರು; 1894ರಲ್ಲಿ ನಮ್ಮ ಮಂಗಳೂರಿನ ಅಚ್ಚುಕೂಟದಿಂದಲೇ ಅವರ ಸುಮಾರು 70,000 ಪದಗಳ ನಿಘಂಟು ಹೊರಬಂತು. ಇಷ್ಟು ಮಾತ್ರ ಸೇರಿಸುತ್ತೇನೆ: ಶಬ್ದಗಳ ಹಿಂದೆ ಅಲೆಯುವ ಈ ಮನುಷ್ಯನನ್ನು ಜೊತೆಯ ಮಿಶನರಿಗಳೆಲ್ಲ ಸುಲಭವಾಗಿ ಒಪ್ಪಿಕೊಂಡಿರಲಿಲ್ಲ. ಇದು ಸುವಾರ್ತೆಯ ಕೆಲಸವೇ ಎಂಬ ಸಂಶಯ ಅವರಿಗಿತ್ತು. ಹಳ್ಳಿಯವನೊಬ್ಬ ಒಂದು ಗಿಡಕ್ಕೆ, ಒಂದು ನೋವಿಗೆ ಇಟ್ಟ ಹೆಸರನ್ನು ಕೇಳಿ ಬರೆದುಕೊಳ್ಳುವುದಕ್ಕಿಂತ ದೊಡ್ಡ ಗೌರವವನ್ನು ಆ ಹಳ್ಳಿಯವನಿಗೆ ಹೇಗೆ ಕೊಡುವುದು, ನನಗೆ ತಿಳಿಯದು.

ಹೊರಗಿನಿಂದ ಬಂದವರ ಹೆಸರನ್ನೇ ಹೇಳುತ್ತಾ ಹೋದರೆ ನಮ್ಮವರ ಹೆಸರು ಮಸುಕಾಗುತ್ತದೆ. ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಪೇಟೆಯೇ ಅಲ್ಲೋಲಕಲ್ಲೋಲವಾಯಿತು. ಬಾಸೆಲಿನಲ್ಲಿ ಓದಿ ಬೋಧಕರಾಗಿ ಮರಳಿದ ಅವರು ಕೊಡಗಿನಲ್ಲಿ ಮೋಗ್ಲಿಂಗರ ಜೊತೆ ನಿಂತರು. ಅಲ್ಲಿ ಸಭೆ ಸೇರಿದ, ಜೀತದ ಬದುಕಿನಿಂದ ಬಂದ ಹೊಲೆಯರಿಗೆ ಊರು ಬೇಕಾಗಿತ್ತು. ಕೌಂಡಿನ್ಯರು ತಮ್ಮ ಸ್ವಂತ ಹಣ ಹಾಕಿ ಭೂಮಿ ಕೊಂಡರು. ಆ ಊರು ಆನಂದಪುರ. ಮೇಲಿನ ಜಾತಿಯಲ್ಲಿ ಹುಟ್ಟಿದವನೊಬ್ಬ ತನ್ನ ಆಸ್ತಿಯನ್ನು ಜೀತದಿಂದ ಬಂದವರ ಕಾಲಕೆಳಗಿನ ನೆಲವಾಗಿಸಿದ್ದು 19ನೆಯ ಶತಮಾನದ ನಡುವಿನ ಮಾತು ಎಂಬುದನ್ನು ಮರೆಯಬಾರದು.

ನನ್ನ ಮನಸ್ಸಿಗೆ ಎಲ್ಲರಿಗಿಂತ ಹತ್ತಿರದವರು ಚನ್ನಪ್ಪ ಉತ್ತಂಗಿಯವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಲ್ಮಠದ ದೈವಜ್ಞಾನ ಶಾಲೆಯಲ್ಲಿ ಓದಿ, ಉತ್ತರ ಕರ್ನಾಟಕದಲ್ಲಿ ಸಭಾಪಾಲಕರಾಗಿ ದುಡಿದವರು. ಸಭೆಯ ಕೆಲಸಕ್ಕೆಂದು ಹಳ್ಳಿ ಹಳ್ಳಿ ಸುತ್ತುವಾಗ ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೇಳಿದರು, ಬರೆದುಕೊಂಡರು, ಪಾಠ ಪಾಠ ಹೋಲಿಸಿದರು. ವರ್ಷಗಟ್ಟಲೆ ನಡೆದ ಆ ಕೆಲಸ 1924ರಲ್ಲಿ ಪುಸ್ತಕವಾಯಿತು. ಇಂದು ಕನ್ನಡಿಗರ ನಾಲಿಗೆಯ ಮೇಲಿರುವ ಸರ್ವಜ್ಞ ದಕ್ಕಿದ್ದರಲ್ಲಿ ಒಬ್ಬ ಕ್ರೈಸ್ತ ಪಾದ್ರಿಯ ಬೆವರಿದೆ. ಮುಂದೆ ಅವರು ಅನುಭವ ಮಂಟಪದ ಚಾರಿತ್ರಿಕತೆಯ ಬಗ್ಗೆಯೂ ಬರೆದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. ತಮ್ಮ ಯೇಸುಸ್ವಾಮಿಯನ್ನು ಒಂದು ಗೇಣೂ ಬಿಟ್ಟುಕೊಡದೆ ಶರಣರ ಮುಂದೆ ಕೈಮುಗಿದು ಕುಳಿತರು. ಸಾಕ್ಷಿ ಎಂದರೆ ಮಾತಾಡುವುದು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಉತ್ತಂಗಿಯವರ ಬದುಕಿನಲ್ಲಿ ಅದರ ಬಹುಪಾಲು ಕೇಳುವುದೇ ಆಗಿತ್ತು.

ಆಸ್ಪತ್ರೆಗಳ ಕುರಿತು ಎರಡು ಮಾತು. ಗದಗ-ಬೆಟಗೇರಿಯಲ್ಲಿ ಜನ ಇಂದಿಗೂ ‘ಜರ್ಮನ್ ಆಸ್ಪತ್ರೆ’ ಎನ್ನುವುದು ಬಾಸೆಲ್ ಮಿಶನ್ ಆರಂಭಿಸಿದ ಆಸ್ಪತ್ರೆಯನ್ನು. ಉಡುಪಿಯಲ್ಲಿ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ತೆರೆದ ಆಸ್ಪತ್ರೆಗೆ ಊರವರಿಟ್ಟ ಹೆಸರು ‘ಮಿಶನ್ ಆಸ್ಪತ್ರೆ’. ಗಂಡು ವೈದ್ಯರ ಮುಂದೆ ನಿಲ್ಲಲು ಹೆಂಗಸರು ನಾಚುತ್ತಿದ್ದ, ಹೆರಿಗೆಯಲ್ಲಿ ತಾಯಿ ಉಳಿದರೆ ಪುಣ್ಯ ಎನ್ನುತ್ತಿದ್ದ ಕಾಲ. ‘ನಾನು ಹುಟ್ಟಿದ್ದು ಮಿಶನ್ ಆಸ್ಪತ್ರೆಯಲ್ಲಿ’ ಎನ್ನುವ ಹಿರಿಯರು ಉಡುಪಿಯ ಎಲ್ಲ ಜಾತಿ ಮತಗಳಲ್ಲೂ ಸಿಗುತ್ತಾರೆ.

1914ರಲ್ಲಿ ಮಹಾಯುದ್ಧ ಬಂತು. ಜರ್ಮನ್ ಮಿಶನರಿಗಳನ್ನು ಸರ್ಕಾರ ಹಿಡಿದು ಅಹಮದ್‌ನಗರದ ಶಿಬಿರದಲ್ಲಿಟ್ಟಿತು. ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಎಂಬತ್ತು ವರ್ಷ ದೊರೆಗಳ ಮುಖ ನೋಡಿ ಬದುಕಿದ ಸಭೆಗಳು ಒಮ್ಮೆಲೇ ತಬ್ಬಲಿಯಾದವು. ಆದರೆ ಗಂಟೆ ನಿಲ್ಲಲಿಲ್ಲ. ಊರಿನ ಸಭಾಪಾಲಕರು, ಮಾಸ್ತರರು, ಉಪದೇಶಿಗಳು, ಕಾರ್ಖಾನೆಯ ಮೇಸ್ತ್ರಿಗಳು ಸೇರಿ ಸಭೆ ನಡೆಸಿದರು. ಮನೆಯಲ್ಲಿ ಗಂಜಿಗೆ ತತ್ವಾರವಿದ್ದಾಗಲೂ ಹೆಂಗಸರು ಅಡಿಗೆಗೆ ತೆಗೆದ ಅಕ್ಕಿಯಿಂದ ಹಿಡಿಯಕ್ಕಿ ಬದಿಗಿಟ್ಟರು. ನಮ್ಮ ಚರಿತ್ರೆಯಲ್ಲಿ ನಾವು ನಿಜವಾಗಿ ನಮ್ಮ ಕಾಲ ಮೇಲೆ ನಿಂತ ದಿನ ಯಾವುದೆಂದು ಕೇಳಿದರೆ ನಾನು ಆ ವರ್ಷಗಳನ್ನು ತೋರಿಸುತ್ತೇನೆ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡದ್ದರ ಹಿಂದೆ ಇಂಥ ಅನೇಕ ಊರುಗಳ ಅಭ್ಯಾಸವಿತ್ತು.

ಹಂಚಿನ ಕಾರ್ಖಾನೆಗಳ ಚಿಮಣಿಗಳು ಈಗ ಒಂದೊಂದಾಗಿ ಇಲ್ಲವಾಗಿವೆ. ತಾರಸಿ ಮನೆಗಳ ಕಾಲ. ನಮ್ಮ ಮಕ್ಕಳು ಬೆಂಗಳೂರಿನಲ್ಲಿ, ಕೊಲ್ಲಿ ದೇಶಗಳಲ್ಲಿ ಕೆಲಸದಲ್ಲಿದ್ದಾರೆ. ಅವರು ಕೂರುವ ಕಚೇರಿಗಳಲ್ಲಿ ಬಿರುಕು ಬಿಟ್ಟ ಹಂಚು ಬೇರೆ ರೂಪದಲ್ಲಿ ಬರುತ್ತದೆ: ಒಂದು ಸುಳ್ಳು ಲೆಕ್ಕ, ಬಡವನ ಕಡತವನ್ನು ತಳ್ಳಿಬಿಡುವ ಒಂದು ಸಹಿ, ಕೆಳಗಿನವನ ಮೇಲೆ ಹೊರಿಸಿದ ತಪ್ಪು. ಗೆಣ್ಣಿನಿಂದ ತಟ್ಟಿ ಕೇಳುವ ಅಭ್ಯಾಸ ಅವರಿಗೆ ದಾಟಿದೆಯೇ ಎಂದು ನಾನು ಆಗಾಗ ಯೋಚಿಸುತ್ತೇನೆ. ಆ ಚಿಂತೆ ನನಗೆ ಸಭೆಯ ಕಟ್ಟಡ ನಿಧಿಗಿಂತ ಹೆಚ್ಚಿನದು.

ಅಜ್ಜಿಮನೆಯನ್ನು ಕಳೆದ ಬೇಸಗೆಯಲ್ಲಿ ಇಳಿಸಿದೆವು. ರೀಪು ಪಕಾಸುಗಳನ್ನು ಗೆದ್ದಲು ತಿಂದಿತ್ತು, ಹಂಚುಗಳು ಮಾತ್ರ ಹಾಗೆಯೇ ಇದ್ದವು. ಅಂಗಳದಲ್ಲಿ ಸಾಲಾಗಿ ಪೇರಿಸಿಟ್ಟದ್ದನ್ನು ಕಂಡು ಕೆಳಗಿನ ಮನೆಯವರು ಬಂದು, ‘ಹಟ್ಟಿಗೆ ಹಾಕಲು ಒಂದಷ್ಟು ಸಿಕ್ಕೀತೇ’ ಎಂದು ಕೇಳಿದರು. ಅವರ ದೈವಸ್ಥಾನದ ಚಾವಡಿಗೂ ಒಂದು ಕಾಲದಲ್ಲಿ ಇದೇ ಹಂಚು ಹಾಕಿದ್ದಂತೆ. ಬೇಕಾದಷ್ಟು ಒಯ್ಯಿರಿ ಎಂದೆ. ಅವರ ಮಗ ಒಂದೊಂದನ್ನೂ ಎತ್ತಿ, ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಆರಿಸಿಕೊಂಡ. ಪತ್ತನಾಜೆಯ ಒಳಗೆ ಹಟ್ಟಿಯ ಮಾಡು ಮುಗಿಯಿತು. ಈಗ ಆ ಅಕ್ಷರಗಳ ಕೆಳಗೆ ಎರಡು ದನ, ಒಂದು ಕರು ಮಲಗುತ್ತವೆ.