ವಿಲೋಮ ಫಲನ ಮತ್ತು ಅದರ ನಕ್ಷೆ

ಒಂದು ಫಲನ 2ನ್ನು 8ಕ್ಕೆ ಒಯ್ದರೆ, 8ನ್ನು 2ಕ್ಕೆ ಮರಳಿಸುವುದು ಅದರ ವಿಲೋಮ ಫಲನ. ನಕ್ಷೆಯಲ್ಲಿ (2, 8) ಎಂಬ ಬಿಂದು (8, 2) ಆಗುತ್ತದೆ; ಎಲ್ಲ ಬಿಂದುಗಳೂ ಹೀಗೆ ಅದಲುಬದಲಾದಾಗ ವೈ = ಎಕ್ಸ್ ರೇಖೆಯ ಆಚೆಬದಿಗೆ ಮೂಲ ವಕ್ರದ ಪ್ರತಿಬಿಂಬ ಮೂಡುತ್ತದೆ. ಪಠ್ಯಪುಸ್ತಕಗಳು ಎರಡನ್ನೂ ಒಟ್ಟಿಗೆ ಹೇಳುವುದರಿಂದ ಎರಡೂ ಒಂದೇ ಕಾಲದವೆಂದು ತೋರುತ್ತದೆ. ವಾಸ್ತವವಾಗಿ ವಿಲೋಮದ ಕಲ್ಪನೆ ನಕ್ಷೆಗಿಂತ ಬಹಳ ಹಳೆಯದು.

ಉತ್ತರದಿಂದ ಹಿಂದಕ್ಕೆ ನಡೆದು, ಗುಣಾಕಾರವಿದ್ದಲ್ಲಿ ಭಾಗಾಕಾರ, ಸಂಕಲನವಿದ್ದಲ್ಲಿ ವ್ಯವಕಲನ ಮಾಡುವ ನಿಯಮ 499ರ ಸುಮಾರಿನ ಆರ್ಯಭಟೀಯದಲ್ಲೇ ಇದೆ. 1614ರಲ್ಲಿ ನೇಪಿಯರ್ ಲಘುಗಣಕದ ಕೋಷ್ಟಕ ಪ್ರಕಟಿಸಿದ. 1620ರಲ್ಲಿ ಪ್ರಕಟವಾದ ಬ್ಯೂರ್ಗಿಯ ಕೋಷ್ಟಕ ಲಘುಗಣಕದಿಂದ ಸಂಖ್ಯೆಗೆ, ಅಂದರೆ ವಿರುದ್ಧ ದಿಕ್ಕಿಗೆ ಸಾಗಿತು. ದೆಕಾರ್ತನ ನಿರ್ದೇಶಾಂಕ ಜ್ಯಾಮಿತಿ ಬಂದದ್ದು 1637ರಲ್ಲಿ.

ವಕ್ರದ ಆಕಾರವೇ ವಾದದ ವಸ್ತುವಾದದ್ದು 1712ರ ಆಸುಪಾಸಿನಲ್ಲಿ. ಋಣಸಂಖ್ಯೆಗೂ ಅದರ ಧನಸಂಖ್ಯೆಗೂ ಲಘುಗಣಕ ಒಂದೇ, ಆದ್ದರಿಂದ ಲಘುಗಣಕದ ವಕ್ರಕ್ಕೆ ಎರಡು ಕವಲುಗಳಿವೆ ಎಂದ ಯೋಹಾನ್ ಬರ್ನೂಲಿ. ಲೈಬ್ನಿಟ್ಸ್ ಒಪ್ಪಲಿಲ್ಲ, ಋಣಸಂಖ್ಯೆಗಳ ಲಘುಗಣಕ ಕಾಲ್ಪನಿಕವೆಂದ. ನಕ್ಷೆಯನ್ನು ನೋಡಿದರೆ ಲೈಬ್ನಿಟ್ಸನ ಪಕ್ಷದ ಬಲ ತಿಳಿಯುತ್ತದೆ. ಘಾತೀಯ ವಕ್ರ ಎಲ್ಲಿಯೂ ಎಕ್ಸ್-ಅಕ್ಷದ ಕೆಳಗಿಳಿಯುವುದಿಲ್ಲ, ಹಾಗಾಗಿ ಅದರ ಪ್ರತಿಬಿಂಬವಾದ ಲಘುಗಣಕದ ವಕ್ರ ವೈ-ಅಕ್ಷದ ಎಡಕ್ಕೆ ಬರಲಾರದು. ಲಘುಗಣಕವನ್ನು ಘಾತದ ವಿಲೋಮವೆಂದೇ ನಿರೂಪಿಸಿದ್ದ (1748) ಆಯ್ಲರ್, ಮುಂದಿನ ವರ್ಷ ಈ ವಿವಾದದ ಗಂಟು ಬಿಡಿಸಿದ: ಶೂನ್ಯವಲ್ಲದ ಪ್ರತಿ ಸಂಖ್ಯೆಗೂ ಲಘುಗಣಕಗಳು ಅನಂತ, ಋಣಸಂಖ್ಯೆಯದಾದರೆ ಅವೆಲ್ಲವೂ ಕಾಲ್ಪನಿಕ. ವಿಲೋಮ ಏಕಮೌಲ್ಯವೇ ಆಗಿರಬೇಕಿಲ್ಲವೆಂಬುದು ಇಷ್ಟು ಸ್ಪಷ್ಟವಾಗಿ ಹೊರಬಿದ್ದುದರಿಂದ ಈ ವಿಷಯದ ಇತಿಹಾಸದಲ್ಲಿ ಇದನ್ನೇ ಮುಖ್ಯ ತಿರುವೆಂದು ಎಣಿಸಬೇಕು.

ಫಲನದ ಹೆಸರಿಗೆ −1 ಘಾತಸೂಚಿ ಹಚ್ಚುವ ಪದ್ಧತಿಯನ್ನು ಸಾಮಾನ್ಯವಾಗಿ ಜಾನ್ ಹರ್ಷಲ್‌ನ 1813ರ ಲೇಖನಕ್ಕೆ ಸಲ್ಲಿಸಲಾಗುತ್ತದೆ. ಜರ್ಮನ್ ಗಣಿತಜ್ಞ ಬ್ಯೂರ್ಮನ್ ಇಂಥ ಘಾತಸೂಚಿಯನ್ನು ತನಗಿಂತ ಮೊದಲೇ ವಿವರಿಸಿದ್ದನೆಂದು ಹರ್ಷಲ್ ಸ್ವತಃ 1820ರಲ್ಲಿ ಬರೆದಿದ್ದಾನೆ. ವಿಲೋಮ ತ್ರಿಕೋನಮಿತೀಯ ಫಲನಗಳಿಗೆ ಅದರ ಅನುಕೂಲವನ್ನು ಬ್ಯೂರ್ಮನ್ ಗಮನಿಸಿದಂತಿಲ್ಲ ಎಂದೂ ಸೇರಿಸಿದ್ದಾನೆ. ಆದ್ದರಿಂದ ಶ್ರೇಯಸ್ಸನ್ನು ಇಬ್ಬರಿಗೂ ಹಂಚುವುದೇ ನ್ಯಾಯ.

ಶಾಲೆಗಳಲ್ಲಿ ಗ್ರಾಫ್ ಹಾಳೆಗೆ ಪ್ರಾಮುಖ್ಯ ಸಿಗುವಂತೆ ಮಾಡಿದವರಲ್ಲಿ 1901ರಲ್ಲಿ ಗ್ಲಾಸ್ಗೋದಲ್ಲಿ ಮಾತನಾಡಿದ ಜಾನ್ ಪೆರಿ ಮತ್ತು ಜರ್ಮನಿಯ ಫೆಲಿಕ್ಸ್ ಕ್ಲೈನ್ ಮುಖ್ಯರು. ವರ್ಗಫಲನದ ನಕ್ಷೆಯನ್ನು ತೆಳುಹಾಳೆಯಲ್ಲಿ ಬರೆದು ವೈ = ಎಕ್ಸ್ ರೇಖೆಗುಂಟ ಮಡಿಸಿದರೆ ಮಲಗಿದ ಪರವಲಯ ಸಿಗುತ್ತದೆ; ಅದರಲ್ಲಿ 4ಕ್ಕೆ 2 ಮತ್ತು −2 ಎಂಬ ಎರಡು ಉತ್ತರಗಳು. ಮೂಲ ಪರವಲಯದ ಬಲಭಾಗವನ್ನಷ್ಟೇ ಉಳಿಸಿಕೊಂಡು ಮಡಿಸಿದಾಗ ವರ್ಗಮೂಲದ ನಕ್ಷೆ ದೊರೆಯುತ್ತದೆ. ಸೈನ್ ವಕ್ರವನ್ನು −90°ಯಿಂದ 90°ಯವರೆಗೆ ಕತ್ತರಿಸಿಕೊಳ್ಳುವುದೂ ಇದೇ ಕಾರಣಕ್ಕೆ.