ಸಾಂಕ್ರಾಮಿಕ ಕಾಲದಲ್ಲಿ ಗ್ರಂಥಪಾಲಕರಿಗೆ ವೃತ್ತಿ ಸಂಘಗಳ ಆಸರೆ

ಬೆಂಗಳೂರು: ಕೋವಿಡ್-19 ತಡೆಗೆ 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದಾಗ ಗ್ರಂಥಾಲಯಗಳ ಬಾಗಿಲುಗಳೂ ಮುಚ್ಚಿದವು. ಓದುಗರ ಬೇಡಿಕೆ ಮಾತ್ರ ನಿಲ್ಲಲಿಲ್ಲ. ಹೊಸ ಕೆಲಸ ಕಲಿಯುವ, ಆರೋಗ್ಯ ಕಾಪಾಡಿಕೊಳ್ಳುವ, ಉದ್ಯೋಗ ಉಳಿಸಿಕೊಳ್ಳುವ ಮೂರು ಸವಾಲುಗಳು ಗ್ರಂಥಪಾಲಕರಿಗೆ ಒಮ್ಮೆಲೇ ಎದುರಾದವು. ಇವುಗಳಲ್ಲಿ ವೃತ್ತಿ ಸಂಘಗಳು ಎಷ್ಟರಮಟ್ಟಿಗೆ ನೆರವಾಗಬಲ್ಲವು ಎಂಬುದರ ಪರಿಚಯ ಇಲ್ಲಿದೆ.

ಸಂಘಗಳ ಹಿನ್ನೆಲೆ

ರಾಜ್ಯದಲ್ಲಿ ಈ ವೃತ್ತಿಯ ಸಂಘಟನೆ ಹಳೆಯದು. ‘ಕಾಲಾ’ ಎಂದು ಪರಿಚಿತವಾದ ಕರ್ನಾಟಕ ರಾಜ್ಯ ಗ್ರಂಥಾಲಯ ಸಂಘದ ಮೂಲ 1929ರಲ್ಲಿದೆ. ಭಾರತೀಯ ಗ್ರಂಥಾಲಯ ಸಂಘ 1933ರಲ್ಲಿ ಹಾಗೂ ವಿಶೇಷ ಗ್ರಂಥಾಲಯಗಳ ಸಂಘ ‘ಇಯಾಸ್ಲಿಕ್’ 1955ರಲ್ಲಿ ಸ್ಥಾಪನೆಗೊಂಡವು. ಇವು ಮುಖ್ಯವಾಗಿ ಸಮ್ಮೇಳನ, ತರಬೇತಿ, ಪ್ರಕಟಣೆಗಳನ್ನು ನಡೆಸುವ ಸಂಸ್ಥೆಗಳು. ವೇತನಕ್ಕಾಗಿ ಹೋರಾಡುವ ಕಾರ್ಮಿಕ ಸಂಘಟನೆಗಳಲ್ಲ. ಸಾಂಕ್ರಾಮಿಕ ಕಾಲದಲ್ಲಿ ಅವುಗಳ ಶಕ್ತಿ ಮತ್ತು ಮಿತಿ ಎರಡಕ್ಕೂ ಇದೇ ಕಾರಣ.

ಕಲಿಕೆಯ ನೆರವು

ಬೆಂಗಳೂರಿನ ಉತ್ತರ ಭಾಗದಲ್ಲಿ ಎಲ್ಲ ಬಗೆಯ ಗ್ರಂಥಾಲಯಗಳಿವೆ. ಹೆಬ್ಬಾಳದ ಬಳಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಯಶವಂತಪುರದ ಸಮೀಪ ಭಾರತೀಯ ವಿಜ್ಞಾನ ಸಂಸ್ಥೆ, ಯಲಹಂಕದ ಸುತ್ತ ಎಂಜಿನಿಯರಿಂಗ್ ಕಾಲೇಜುಗಳು ಇವೆ. ಚಂದಾ ಪಾವತಿಸಿದ ವಿದ್ಯುನ್ಮಾನ ನಿಯತಕಾಲಿಕಗಳು ಸಾಮಾನ್ಯವಾಗಿ ಸಂಸ್ಥೆಯ ಆವರಣದ ಅಂತರಜಾಲ ವಿಳಾಸದಿಂದ ಮಾತ್ರ ತೆರೆದುಕೊಳ್ಳುತ್ತವೆ. ವಿದ್ಯಾರ್ಥಿಗಳು ಊರಿಗೆ ಮರಳಿದೊಡನೆ ಅವರಿಗೆ ದೂರದಿಂದಲೇ ಪ್ರವೇಶ ಒದಗಿಸುವ ಹೊಣೆ ಗ್ರಂಥಪಾಲಕರ ಮೇಲೆ ಬಿತ್ತು.

ಕೃಷಿ ಕ್ಷೇತ್ರಕ್ಕೆ ‘ಸೆರಾ’ ಒಕ್ಕೂಟ, ವಿಶ್ವವಿದ್ಯಾಲಯಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್‌ನ ‘ಇನ್‌ಫೆಡ್’ ವ್ಯವಸ್ಥೆ ಇದ್ದವು. ಆದರೆ ಅವುಗಳನ್ನು ಬಳಸುವ ವಿಧಾನವನ್ನು ಕಲಿಸಬೇಕಿತ್ತು. ಸಂಘಗಳು ಹಾಗೂ ಗ್ರಂಥಾಲಯ ವಿಜ್ಞಾನ ವಿಭಾಗಗಳು ನಡೆಸಿದ ವೆಬಿನಾರ್‌ಗಳು ಈ ಕೊರತೆಯನ್ನು ತುಂಬಿದವು. ದೂರದ ಊರಿನ ಸಮ್ಮೇಳನಕ್ಕೆ ಹೋಗಲಾಗದಿದ್ದ ಕಾಲೇಜು ಗ್ರಂಥಪಾಲಕರಿಗೂ ತಜ್ಞರ ಉಪನ್ಯಾಸಗಳು ಮನೆಯಲ್ಲೇ ದೊರೆತವು. ಜಾಗತಿಕ ಒಕ್ಕೂಟ ‘ಇಫ್ಲಾ’ ಕೂಡ 2020ರ ಡಬ್ಲಿನ್ ಸಮ್ಮೇಳನವನ್ನು ರದ್ದುಪಡಿಸಿ, 2021ರಲ್ಲಿ ಆನ್‌ಲೈನ್ ಮೂಲಕ ಸಭೆ ನಡೆಸಿತು.

ಸುರಕ್ಷತೆಯ ಮಾರ್ಗದರ್ಶನ

ಹಿಂದಿರುಗಿಸಿದ ಪುಸ್ತಕದಿಂದ ಸೋಂಕು ತಗಲುವುದೇ ಎಂಬುದು ಎಲ್ಲೆಡೆ ಕೇಳಿಬಂದ ಪ್ರಶ್ನೆ. ಅಮೆರಿಕದ ಗ್ರಂಥಾಲಯ ಸಂಘವು 2020ರ ಮಾರ್ಚ್ 17ರಂದೇ ಗ್ರಂಥಾಲಯಗಳನ್ನು ಮುಚ್ಚುವಂತೆ ಶಿಫಾರಸು ಮಾಡಿತು. ಅಲ್ಲಿನ ‘ರೆಲ್ಮ್’ ಯೋಜನೆಯ ಮೊದಲ ಪರೀಕ್ಷೆಯಲ್ಲಿ, ಬಿಡಿಯಾಗಿಟ್ಟ ಸಾಮಗ್ರಿಗಳ ಮೇಲೆ 3 ದಿನಗಳ ನಂತರ ವೈರಾಣು ಪತ್ತೆಯಾಗಲಿಲ್ಲ. ಒಂದರ ಮೇಲೊಂದು ಪೇರಿಸಿದ ಕೆಲವು ಸಾಮಗ್ರಿಗಳಲ್ಲಿ 6 ದಿನಗಳ ಬಳಿಕವೂ ಕಂಡುಬಂತು. ಮೇಲ್ಮೈಗಳಿಂದ ಸೋಂಕಿನ ಅಪಾಯ ಕಡಿಮೆಯೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ತಿಳಿಸಿತು. ಪುಸ್ತಕಗಳನ್ನು ಪ್ರತ್ಯೇಕವಾಗಿಡುವುದಕ್ಕಿಂತ ಓದುವ ಕೊಠಡಿಯ ಗಾಳಿ ಸಂಚಾರ ಮುಖ್ಯ ಎಂಬ ಅರಿವು ಹೀಗೆ ಮೂಡಿತು. ಬದಲಾಗುತ್ತಿರುವ ಇಂಥ ಮಾಹಿತಿಯನ್ನು ಸೋಸಿ ಸದಸ್ಯರಿಗೆ ತಲುಪಿಸುವುದು ಸಂಘಗಳು ಮಾಡಬಹುದಾದ ಅಮೂಲ್ಯ ಸೇವೆ.

ಜೀವನಾಧಾರದ ಪ್ರಶ್ನೆ

ಸಂಘಗಳ ಮಿತಿ ಎದ್ದು ಕಾಣುವುದು ಇಲ್ಲಿ. ಖಾಸಗಿ ಕಾಲೇಜಿನ ಸಿಬ್ಬಂದಿಗೆ ಅಥವಾ ಗುತ್ತಿಗೆ ನೌಕರರಿಗೆ ವೇತನ ಕಡಿತವಾದರೆ ವೆಬಿನಾರಿನ ಪ್ರಮಾಣಪತ್ರ ಆಸರೆಯಾಗದು. ಬ್ರಿಟನ್ನಿನ ‘ಸಿಲಿಪ್’ ಸಂಘದಲ್ಲಿ ಸಂಕಷ್ಟಕ್ಕೊಳಗಾದವರಿಗಾಗಿ ಕೋವಿಡ್‌ಗೆ ಮುನ್ನವೇ ಕ್ಷೇಮನಿಧಿಯೊಂದಿತ್ತು. ಅಮೆರಿಕದಲ್ಲಿ ‘ಎವ್ರಿಲೈಬ್ರರಿ ಇನ್‌ಸ್ಟಿಟ್ಯೂಟ್’ ಎಂಬ ಲಾಭರಹಿತ ಸಂಸ್ಥೆ 2020ರಲ್ಲಿ ಗ್ರಂಥಾಲಯ ಸಿಬ್ಬಂದಿಗೆ ನೇರವಾಗಿ ಸಣ್ಣ ಮೊತ್ತದ ನೆರವು ನೀಡಿತು.

ಆರ್.ಟಿ. ನಗರ, ಯಲಹಂಕದಂಥ ಬಡಾವಣೆಗಳ ಓದುಗರು ಅವಲಂಬಿಸುವ ಸಾರ್ವಜನಿಕ ಗ್ರಂಥಾಲಯಗಳ ಸ್ಥಿತಿ ಬೇರೆ. 2020ರ ಫೆಬ್ರವರಿಯಲ್ಲಿ ಆರಂಭವಾದ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಲಾಕ್‌ಡೌನ್ ವೇಳೆ ಓದುಗರಿಗೆ ಒದಗಿಬಂತು. ಆದರೆ ಶಾಖೆಗಳ ನಿರ್ವಹಣೆಗೆ ಆಧಾರ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯೊಂದಿಗೆ ವಸೂಲಾಗುವ ಶೇ 6ರ ಗ್ರಂಥಾಲಯ ಸೆಸ್. ಆಗಿನ ಬಿಬಿಎಂಪಿ ಈ ಹಣವನ್ನು ಬಾಕಿ ಉಳಿಸಿಕೊಂಡ ವಿಷಯ ಹಲವು ಬಾರಿ ಚರ್ಚೆಗೆ ಬಂದಿತ್ತು. 2025ರಲ್ಲಿ ಬಿಬಿಎಂಪಿಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ರಚನೆಯಾಗಿವೆ. ಸೆಸ್ ಸಕಾಲದಲ್ಲಿ ಸಂದಾಯವಾಗುವಂತೆ ಒತ್ತಾಯಿಸುವುದು, ಗುತ್ತಿಗೆ ಸಿಬ್ಬಂದಿಯನ್ನೂ ಸದಸ್ಯತ್ವದೊಳಗೆ ತರುವುದು, ಕ್ಷೇಮನಿಧಿ ಸ್ಥಾಪಿಸುವುದು ಸಾಂಕ್ರಾಮಿಕವಿಲ್ಲದ ದಿನಗಳಲ್ಲೇ ಆಗಬೇಕಾದ ಕೆಲಸಗಳು.